ನಿಮ್ಮ ಕಂಪನಿಯ ಸುದ್ದಿ ಪತ್ರಿಕೆಯಲ್ಲಿ ಬರಬೇಕಾದರೆ ಯಾವ ಪತ್ರಕರ್ತರಿಗೆ ಮೇಲ್ ಮಾಡಬೇಕು?

ದುಡ್ಡು ಕೊಟ್ಟು ಇಮೇಲ್ ಪಟ್ಟಿ ತಗೊಂಡು ಎಲ್ಲರಿಗೂ ಒಂದೇ ಪ್ರೆಸ್ ನೋಟ್ ಕಳಿಸೋದು ನನ್ನ ಪ್ರಕಾರ ಸುಮ್ನೆ ದಂಡ. ಪತ್ರಿಕೆಯ ಹೆಸರಲ್ಲ, ಬೈಲೈನ್ ನೋಡಿ, ಅಂದ್ರೆ ಸುದ್ದಿಯ ಜೊತೆ ಹಾಕಿರುವ ವರದಿಗಾರರ ಹೆಸರು. ನಿಮ್ಮಂಥದ್ದೇ ಕೆಲಸ ಮಾಡುವ ಬೇರೆ ಕಂಪನಿಯ ಹೆಸರನ್ನು ಗೂಗಲ್ ನ್ಯೂಸ್‌ನಲ್ಲಿ ಹುಡುಕಿದರೆ ಅವರ ಬಗ್ಗೆ ಯಾರು ಬರೆದಿದ್ದಾರೆ ಅಂತ ಗೊತ್ತಾಗುತ್ತದೆ, ಆಮೇಲೆ ಆ ವರದಿಗಾರರ ಇತ್ತೀಚಿನ ನಾಲ್ಕೈದು ವರದಿಗಳನ್ನು ಪೂರ್ತಿ ಓದಿ, ಯಾಕಂದ್ರೆ ಹೋದ ವರ್ಷ ಸ್ಟಾರ್ಟ್‌ಅಪ್ ಬಗ್ಗೆ ಬರೆಯುತ್ತಿದ್ದವರು ಈಗ ಕ್ರೀಡೆಯ ಬೀಟ್‌ಗೆ ಹೋಗಿರಬಹುದು, ಕೆಲಸವನ್ನೇ ಬಿಟ್ಟಿರಲೂಬಹುದು. ಪಿಟಿಐನಂಥ ಸುದ್ದಿಸಂಸ್ಥೆಯ ಹೆಸರಷ್ಟೇ ಇರುವ ಸುದ್ದಿಯನ್ನು ಪಕ್ಕಕ್ಕಿಡಿ, ಅದನ್ನು ಆ ಪತ್ರಿಕೆಯವರು ಬರೆದಿರುವುದಿಲ್ಲ. ಫ್ರೀಲಾನ್ಸರ್‌ಗಳನ್ನು ಮಾತ್ರ ಬಿಡಬೇಡಿ. ಒಬ್ಬರೇ ಎರಡು ಮೂರು ಕಡೆ ಬರೆಯುತ್ತಾರೆ, ಒಳ್ಳೆಯ ಸುದ್ದಿಗಾಗಿ ಅವರೇ ಹುಡುಕುತ್ತಿರುತ್ತಾರೆ. ನೇರ ಪ್ರಧಾನ ಸಂಪಾದಕರಿಗೇ ಬರೆದುಬಿಡೋಣ ಅನ್ನಿಸುತ್ತೆ ಅಲ್ವಾ? ಬೇಡ. ದೊಡ್ಡ ಪತ್ರಿಕೆಗಳಲ್ಲಿ ಅವರ ಇನ್‌ಬಾಕ್ಸ್ ಸದಾ ತುಂಬಿರುತ್ತದೆ, ನಿಮ್ಮ ವಿಷಯದ ಪುಟ ನೋಡಿಕೊಳ್ಳುವವರನ್ನು ಹಿಡಿಯಿರಿ.