ಒಣಾ ಕಸಾ ಹೊಡಿಬ್ಯಾಡ್ರಿ

ಕಳೆದ ವಾರ ರೋಣದ ಹತ್ತಿರದ ನಮ್ಮೂರ ಮನೆಯ ಅಟ್ಟ ಹತ್ತಿದೆವು. ಎರಡು ವರ್ಷದಿಂದ ಯಾರೂ ಹತ್ತಿರಲಿಲ್ಲ. ಜೋಳದ ಖಾಲಿ ಚೀಲಗಳ ಮೇಲೆಲ್ಲ ಇಲಿ ಹಿಕ್ಕೆ. ವೈನಿ ಕಸಬರಿಗೆ ಎತ್ತಿಕೊಂಡದ್ದೇ ತಡ, ನಾನು ಅಡ್ಡ ನಿಂತೆ.

“ವೈನಿ, ಒಣಾ ಕಸಾ ಹೊಡಿಬ್ಯಾಡ್ರಿ. ಕಿಡಕಿ ತಗೀರಿ, ಅರ್ಧಾ ತಾಸು ಗಾಳಿ ಆಡ್ಲಿ.”

ಈ ಅಂಜಿಕೆ ನನಗೆ ಬಂದದ್ದು ಅಮೆರಿಕದ ಮರುಭೂಮಿಯಿಂದ. ಹುಬ್ಬಳ್ಳಿಯ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಒಂದು ವರ್ಷವೂ ಈ ಸಂಗತಿ ಹೇಳದೆ ಬಿಟ್ಟಿಲ್ಲ. 1993ರ ಮೇ. ನ್ಯೂ ಮೆಕ್ಸಿಕೊ, ಅರಿಜೋನ, ಕೊಲರಾಡೊ, ಯೂಟಾ ಕೂಡುವ ಒಣಸೀಮೆಯಲ್ಲಿ ಗಟ್ಟಿಮುಟ್ಟಾದ ಹರೆಯದವರು ಜ್ವರ ಬಂದು, ಶ್ವಾಸಕೋಶದಲ್ಲಿ ನೀರು ತುಂಬಿ, ನಾಲ್ಕಾರು ದಿನಗಳಲ್ಲಿ ಸಾಯತೊಡಗಿದರು. ಅವರಲ್ಲೊಬ್ಬ ಓಟಗಾರನಾಗಿದ್ದ ಹುಡುಗ, ಅಲ್ಲಿನ ಮೂಲನಿವಾಸಿಗಳಾದ ನವಾಹೊ ಜನರವನು. ಕೆಲವೇ ವಾರಗಳಲ್ಲಿ ಕಾರಣ ಸಿಕ್ಕಿತು: ಹೊಸದೊಂದು ಹಂಟಾವೈರಸ್. ಹೊತ್ತು ತಿರುಗುತ್ತಿದ್ದದ್ದು ಡೀರ್ ಮೌಸ್ ಎಂಬ ಸಣ್ಣ ಇಲಿ. ಅದರ ಉಚ್ಚೆ, ಹಿಕ್ಕೆ ಒಣಗಿ ಧೂಳಾಗಿ ಎದ್ದಾಗ ಉಸಿರಾಡಿದವರಿಗೆ ರೋಗ.

ಆ ವರ್ಷವೇ ಯಾಕೆ? ಬರದಿಂದ ಬಳಲಿದ್ದ ನೆಲಕ್ಕೆ ಎಲ್ ನಿನೊ (ಶಾಂತ ಸಾಗರದ ನೀರು ಬಿಸಿಯಾಗಿ ಹವೆ ಏರುಪೇರಾಗುವುದು) ತಂದ ಮಳೆ, ಹಿಮ ಬಿದ್ದು ಪಿನ್ಯೊನ್ ಮರಗಳು ಬೀಜ ಸುರಿಸಿದವು. ತಿನ್ನಲು ಸಿಕ್ಕ ಇಲಿಗಳು ಒಂದೇ ವರ್ಷದಲ್ಲಿ ಹತ್ತು ಪಟ್ಟಾದವು. ಇದು ತಿಳಿದದ್ದು, ರೋಗದ ಸುದ್ದಿಯೇ ಇಲ್ಲದ ಕಾಲದಿಂದ ನ್ಯೂ ಮೆಕ್ಸಿಕೊದ ಸೆವಿಯೆಟಾ ಎಂಬ ಬಯಲಿನಲ್ಲಿ ಬೋನಿಟ್ಟು ಇಲಿ ಎಣಿಸುತ್ತಿದ್ದವರಿಂದ. ಮ್ಯೂಸಿಯಂ ಫ್ರೀಜರಿನಲ್ಲಿದ್ದ ಹಳೆಯ ಮಾದರಿಗಳಲ್ಲೂ ವೈರಸ್ ಸಿಕ್ಕಿತು. ಅಂದರೆ ಅದು ಮೊದಲಿನಿಂದಲೂ ಅಲ್ಲೇ ಇತ್ತು. ಇಲಿ ಎಣಿಸಲು ಸರಕಾರದ ರೊಕ್ಕ ಯಾಕೆ ಎಂದು ಯಾರಾದರೂ ಕೇಳಿದರೆ ನನಗೆ ಸಿಟ್ಟೇ ಬರುತ್ತದೆ.

ನವಾಹೊ ಹಿರಿಯರಿಗೆ ಇಲಿಯ ಮೇಲೆ ಮೊದಲೇ ಗುಮಾನಿ ಇತ್ತು. ಇಲಿ ಮನೆಯೊಳಗೆ ಬರಬಾರದು, ಅದು ಮುಟ್ಟಿದ ಬಟ್ಟೆ ಸುಡಬೇಕು ಎನ್ನುತ್ತಿದ್ದರು. ಅದನ್ನು ಓದಿದಾಗ ನನಗೆ ನಮ್ಮ ಅಜ್ಜಿ ಕಂಡಳು. 1898ರಲ್ಲಿ ಹುಬ್ಬಳ್ಳಿಯನ್ನು ಪ್ಲೇಗ್ ಹಿಂಡಿತು. ಆಮೇಲೂ ಈ ಕಡೆ ವರ್ಷಗಟ್ಟಲೆ ಕಾಡಿತು. “ಇಲಿ ಬಿತ್ತು ಅಂದ್ರ ಮನಿ ಬಿಟ್ಟು ಹೊಲದಾಗ ಗುಡಿಸಲಾ ಹಾಕ್ತಿದ್ರು” ಎಂದು ತನ್ನ ಅವ್ವನಿಂದ ಕೇಳಿದ್ದನ್ನು ಅಜ್ಜಿ ನಮಗೆ ಹೇಳುತ್ತಿದ್ದಳು.

ಡೀರ್ ಮೌಸ್ ನಮ್ಮಲ್ಲಿ ಇಲ್ಲ. ಆದರೆ ಇಲಿ ಜ್ವರ ಇದೆ, ಅದು ಉಚ್ಚೆಯಿಂದಲೇ ಬರುವಂಥದ್ದು. ಅದಕ್ಕೇ ಕೈಗವಸು ಹಾಕಿ, ಬಾಯಿಗೆ ಬಟ್ಟೆ ಕಟ್ಟಿ, ಬ್ಲೀಚಿಂಗ್ ಪೌಡರ್ ಕದಡಿದ ನೀರು ಚಿಮುಕಿಸಿ, ನೆನೆದ ಮೇಲೆ ಬಟ್ಟೆಯಿಂದ ಒರೆಸಿ ತೆಗೆದೆವು. ಮಧ್ಯಾಹ್ನ ಎರಡಾಯಿತು. ಹಿಕ್ಕೆ ಹತ್ತಿದ ಹನ್ನೊಂದು ಚೀಲ ಹಿತ್ತಲಲ್ಲಿ ಸುಟ್ಟೆವು. ವೈನಿ ಹನ್ನೆರಡನೆಯದನ್ನೂ ತಾವೇ ತಂದು ಬೆಂಕಿಗೆ ಹಾಕಿದರು.