ಕೈ ತೆಗಿಯೂತನಕ

ಭಾನುವಾರದಿಂದ ಒಂದೇ ಮಾತು ತಲೆಯಲ್ಲಿ ಸುತ್ತುತ್ತಾ ಇದೆ. "ತಳ್ಳಿದ್ರ ನಿಮ್ಮ ಕೈ ತೆಗಿಯೂತನಕ ನೆಟ್ಟಗಿರ್ತೈತ್ರಿ ಸರ."

ಹೇಳಿದ್ದು ಗದಗ ಕಡೆಯ ಮೇಸ್ತ್ರಿ. ವಿಷಯ, ಪೋಂಡಾದ ನಮ್ಮ ಮನೆ ಹಿತ್ತಲಿನ ಪತ್ರಾಸ್ ಶೆಡ್ಡು, ಅಂದರೆ ತಗಡಿನದು. ಅಪ್ಪನ ಚೇತಕ್ ಸ್ಕೂಟರು, ತೆಂಗಿನಕಾಯಿ, ಯಾವತ್ತಾದರೂ ಬೇಕಾಗುತ್ತೆ ಅಂತ ಇಟ್ಟ ಸಾಮಾನು ಎಲ್ಲ ಅಲ್ಲೇ. ಹಿಂದಿನ ಗೋಡೆ 3 ಮಳೆಗಾಲದಿಂದ ಪಕ್ಕದವರ ಕಾಂಪೌಂಡ್ ಕಡೆ ವಾಲುತ್ತಿತ್ತು. ಗೋವಾದ ಮಳೆ ಗೊತ್ತಲ್ಲ, ವರ್ಷಕ್ಕೆ ಸುಮಾರು 3000 ಮಿಲಿಮೀಟರ್. ನಾನು ಪ್ರತಿ ಮೇ ತಿಂಗಳು ಹೊರಗಿನಿಂದ ಒಂದು ಬಿದಿರು ಒತ್ತು ಕೊಟ್ಟು ಸುಮ್ನಾಗುತ್ತಿದ್ದೆ. ಬೆಂಗಳೂರಿನ ತಮ್ಮ ಫೋನಲ್ಲಿ "ಕೆಡವಿ ಕಾರ್ ನಿಲ್ಲಿಸ್ಕೊಳ್ಳೋ" ಅಂತಾನೆ. ಅವನಿಗೆ ಕಂಡಿದ್ದೆಲ್ಲ ಪಾರ್ಕಿಂಗೇ.

ಮೇಸ್ತ್ರಿ ಗೋಡೆ ನೋಡಲೇ ಇಲ್ಲ. ಕುಕ್ಕರಗಾಲಲ್ಲಿ ಕೂತು ಕಂಬದ ಬುಡಕ್ಕೆ ಸ್ಕ್ರೂಡ್ರೈವರ್ ಚುಚ್ಚಿದರು. ಚಹಾದಲ್ಲಿ ನೆನೆದ ಪಾವ್‌ಗೆ ಚುಚ್ಚಿದ ಹಾಗೆ ಹಿಡಿಕೆವರೆಗೂ ಹೋಯಿತು. ಮಣ್ಣಲ್ಲಿ ಹೂತ ಕಾಲು ಕೊಳೆತಿತ್ತು. ದಾರಕ್ಕೆ ಕಟ್ಟಿದ ತೂಗುಗುಂಡು ಇಳಿಬಿಟ್ಟು ನೋಡಿದರೆ 5 ಇಂಚು ವಾಲು.

ಆಗಲೇ ನಾನು ಜಾಣನ ಹಾಗೆ, "ನಾಲ್ಕು ಜನ ತಳ್ಳಿ ಮೊಳೆ ಹೊಡೆದರೆ ಆಗಲ್ವಾ?" ಅಂದದ್ದು.

ಒಳಗಿನಿಂದ ಸೂರಿಗೆ ಟೇಕು ಕೊಟ್ಟು, ಎರಡೂ ಪಕ್ಕದ ತಗಡುಗಳ ಮೊಳೆ ಕಿತ್ತರು. ವಾಲಿದ್ದನ್ನು ವಾಲಿದ ಹಾಗೇ ಹಿಡಿದಿಟ್ಟಿರೋದು ಆ ಪಕ್ಕದ ತಗಡುಗಳೇ ಅಂತೆ, ಬಿಚ್ಚದೆ ಎಳೆದರೆ ತೂತು ಹರಿದುಹೋಗುತ್ತೆ. ಆಮೇಲೆ ಹಲಸಿನ ಮರಕ್ಕೆ ಚೈನ್ ಪುಲ್ಲಿ ಕಟ್ಟಿದರು. ಒಂದು ಇಂಚು ಎಳೆಯೋದು, ಒಂದು ಬೀಡಿ ಸೇದೋದು, ಇನ್ನೊಂದು ಇಂಚು. ಕೊಳೆತ ಒಂದು ಅಡಿ ಕೊಯ್ದು, ಮರ ಮಣ್ಣಿಗೆ ತಾಗದ ಹಾಗೆ ಕೆಳಗೆ ಕಾಂಕ್ರೀಟು, ಕಬ್ಬಿಣದ ಪಟ್ಟಿ. ಮೂಲೆಗಳಿಗೆ ಓರೆ ಪಟ್ಟಿ. 3 ದಿನ ಟೇಕು ತೆಗೆಯಲು ಬಿಡಲಿಲ್ಲ.

ಆ 3 ದಿನ ನಾನು ಯೋಚನೆ ಮಾಡಿದ್ದು ಶೆಡ್ಡಿನ ಬಗ್ಗೆ ಅಲ್ಲ. ಅಪ್ಪ ರಿಟೈರ್ ಆಗಿ ಮಂಕಾಗಿ ಕೂತಾಗ ವಾಕಿಂಗ್ ಶೂ ತಂದುಕೊಟ್ಟಿದ್ದೆ. ನಾನು ರಜೆಯಲ್ಲಿ ಇದ್ದಷ್ಟು ದಿನ ನಡೆದರು. ಶೂ ಈಗ ಶೆಡ್ಡಿನಲ್ಲೇ ಇದೆ, ಹೊಸದರ ಹಾಗೆ. ಏನಾಗಿದೆ ಅಂತ ನಾನು ಕೇಳಿರಲೇ ಇಲ್ಲ.

ನಿನ್ನೆ ಹೊರಡುವಾಗ ಮೇಸ್ತ್ರಿ ನನ್ನ ಹಳೇ ಬಿದಿರು ತೋರಿಸಿ, "ಇದು ನಿಮಗ ಬೇಕೇನ್ರೀ?" ಅಂದರು. ಯಾಕೆ ಅಂದೆ.

"ನಮ್ಮ ಖೋಲಿ ಪತ್ರಾಸ್ ವಾಲೈತ್ರಿ. ಮಾಲಕ ಕಂಬ ಮುಟ್ಟಾಕ ಬಿಡಂಗಿಲ್ಲ."

20 ವರ್ಷದಿಂದ ಗೋವಾದಲ್ಲಿ ಊರವರ ಗೋಡೆ ನೆಟ್ಟಗೆ ಮಾಡುತ್ತಿರೋ ಮನುಷ್ಯ. ಬಿದಿರನ್ನು ಅವರ ಗಾಡಿಗೆ ಕಟ್ಟೋಕೆ ನಾನೇ ಹಗ್ಗ ಹುಡುಕಿಕೊಟ್ಟೆ.