ಒಂದು ಗಂಟೆಯ ಬ್ರಾಕೆಟ್ ಕೆಲಸ

ಜಾಬ್ ಕಾರ್ಡಿನಲ್ಲಿ ಇದ್ದದ್ದು ಒಂದೇ ಸಾಲು: ‘ಹೆಡ್‌ಲೈಟ್ ಬ್ರಾಕೆಟ್ ಎರಡೂ ಬದಲು, 1 ಗಂಟೆ.’ ಅದನ್ನು ಬರೆದವರು ಗಾಡಿಯನ್ನು ಸ್ಟ್ಯಾಂಡಿನ ಮೇಲೆ ನೋಡಿದವರಲ್ಲ, ಕಚೇರಿಯ ಕೋಣೆಯಲ್ಲಿ ಕುಳಿತು ಹೊಸ ಗಾಡಿಗಳ ಪಟ್ಟಿಯಿಂದ ಇಳಿಸಿಕೊಂಡವರು. ಆದರೆ ಆ ಸಾಲನ್ನು ನಂಬಿದವನು ನಾನು. ಆದ್ದರಿಂದ ಮುಂದೆ ನಡೆದದ್ದರಲ್ಲಿ ಅವರ ಪಾಲು ಎಷ್ಟೆಂದು ಲೆಕ್ಕ ಹಾಕುವ ಅಧಿಕಾರ ನನಗೆ ಹೆಚ್ಚೇನೂ ಇಲ್ಲ.

ಗಾಡಿ 1960ರ ದಶಕದ ಟ್ರಯಂಫ್ ಟ್ವಿನ್, ಎರಡು ಸಿಲಿಂಡರಿನ ಬೈಕು. ಹಿಂದೆಂದೋ ಬಿದ್ದಾಗ ಎಡಗಡೆಯ ಬ್ರಾಕೆಟ್ ನೆಗ್ಗಿಹೋಗಿ ದೀಪ ಒಂದು ಕಡೆಗೆ ವಾಲಿಕೊಂಡಿತ್ತು. ನಾನು ಅಲ್ಲಿಯವರೆಗೆ ಕೈಯಾಡಿಸಿದ್ದ ಗಾಡಿಗಳಲ್ಲಿ ಹೆಚ್ಚಿನವುಗಳ ಬ್ರಾಕೆಟ್, ಮುಂದಿನ ಚಕ್ರವನ್ನು ಹಿಡಿಯುವ ಫೋರ್ಕಿನ ಪೈಪನ್ನು ಹೊರಗಿನಿಂದ ಅಪ್ಪಿಕೊಂಡು ಎರಡು ಬೋಲ್ಟುಗಳಲ್ಲಿ ನಿಂತಿರುತ್ತಿತ್ತು. ಬೋಲ್ಟು ಸಡಿಲಿಸಿ ಅಗಲಿಸಿದರೆ ಕೈಗೆ ಬರುತ್ತಿತ್ತು. ಈ ಗಾಡಿಯಲ್ಲಿ ಹಾಗಲ್ಲ. ದೀಪ ಹಿಡಿಯುವ ಕಿವಿಯನ್ನು ಒಂದು ಉದ್ದನೆಯ ತಗಡಿನ ಕೊಳವೆಗೆ ಸೇರಿಸಿರುತ್ತಾರೆ, ಆ ಕೊಳವೆಯೊಳಗೆ ಫೋರ್ಕ್ ಪೈಪು ಹಾದುಹೋಗುತ್ತದೆ, ಫೋರ್ಕಿನ ಎರಡೂ ಪೈಪುಗಳನ್ನು ಅಡ್ಡಲಾಗಿ ಜೋಡಿಸಿ ಹಿಡಿಯುವ ಮೇಲಿನ ಮತ್ತು ಕೆಳಗಿನ ಯೋಕ್‌ಗಳ ನಡುವೆ ಕೊಳವೆ ಸಿಕ್ಕಿಕೊಂಡು ಕುಳಿತಿರುತ್ತದೆ. ಬಿಚ್ಚಲು ಅದರಲ್ಲಿ ಬೋಲ್ಟೇ ಇಲ್ಲ.

ನಾನು ಬೋಲ್ಟನ್ನು ಹುಡುಕಿದೆ. ಹಲವು ಪದರ ಬಣ್ಣದ ಅಡಿಯಲ್ಲಿ, ಹಿಂಬದಿಯಲ್ಲಿ, ಉದ್ದಕ್ಕೆ ಒಂದು ಗೆರೆ ಕಂಡಿತು. ಅದು ತಗಡಿನ ಬೆಸುಗೆಯ ಗುರುತು. ನಾನು ಅದನ್ನು ಸೀಳು ಎಂದು ತೀರ್ಮಾನಿಸಿದೆ. ಸ್ಕ್ರೂಡ್ರೈವರ್ ಇಟ್ಟು ಬಡಿದೆ, ತುಕ್ಕುಬಿಡಿಸುವ ಎಣ್ಣೆ ಸುರಿದು ಕಾದೆ, ಮತ್ತೆ ಬಡಿದೆ. ನಲವತ್ತು ನಿಮಿಷ ಕಳೆದಿತ್ತು. ಹೊಸ ಬ್ರಾಕೆಟ್ ಮೇಜಿನ ಮೇಲೆ ಇದ್ದ ಮೇಲೆ ಹಳೆಯದು ಹೇಗೂ ಗುಜರಿಗೇ ತಾನೇ ಎಂದು ಗ್ರೈಂಡರಿಗೆ 1 ಮಿಲಿಮೀಟರ್ ಕಟಿಂಗ್ ಚಕ್ರ ಹಾಕಿದೆ. ಕೊಳವೆಗೂ ಪೈಪಿಗೂ ನಡುವೆ ಜಾಗವಿದೆ, ತಗಡು ತುಂಡಾದ ಕೂಡಲೇ ಕೈ ಎತ್ತಿದರಾಯಿತು ಎಂಬುದು ನನ್ನ ಲೆಕ್ಕ. ಬಲಗಡೆಯಲ್ಲಿ ಆ ಜಾಗ ಇದ್ದದ್ದು ನಿಜ. ಎಡಗಡೆಯಲ್ಲಿ, ಯಾವ ನೆಗ್ಗಿನ ಕಾರಣಕ್ಕೆ ಬ್ರಾಕೆಟ್ ಬದಲಿಸುತ್ತಿದ್ದೆನೋ ಅದೇ ನೆಗ್ಗು ತಗಡನ್ನು ಪೈಪಿಗೆ ಅಂಟಿಸಿಬಿಟ್ಟಿತ್ತು. ನಾನು ಶುರುಮಾಡಿದ್ದು ಎಡಗಡೆಯಿಂದ.

ತೆಳು ತಗಡು ಕತ್ತರಿಸುವಾಗ ಕಿವಿ ಕೊರೆಯುವ ಸದ್ದು ಬರುತ್ತದೆ. ಅದು ಇದ್ದಕ್ಕಿದ್ದಂತೆ ಮಂದವಾಯಿತು, ಚಕ್ರ ಭಾರವಾಯಿತು. ಅದರ ಅರ್ಥ ನನಗೆ ಆ ಕ್ಷಣದಲ್ಲೇ ತಿಳಿಯಿತು. ಆದರೂ ಕೈ ಇನ್ನೂ ಒಂದೆರಡು ಸೆಕೆಂಡು ಹಾಗೆಯೇ ಮುಂದುವರಿದಿತ್ತು. ಗ್ರೈಂಡರ್ ನಿಲ್ಲಿಸಿ, ಬಾಯ್ಬಿಟ್ಟ ತಗಡನ್ನು ಇಕ್ಕಳದಲ್ಲಿ ಅಗಲಿಸಿ ಟಾರ್ಚ್ ಹಿಡಿದರೆ ಕೆಳಗಿನ ಯೋಕ್‌ನಿಂದ ಎರಡು ಬೆರಳು ಮೇಲೆ ಪೈಪಿನ ಮೇಲೆ ಹೊಳೆಯುವ ಹೊಸ ಗೀರು. ಬಟ್ಟೆಯಲ್ಲಿ ಒರೆಸಿದೆ, ಒರೆಸಿದರೆ ಹೋಗುವಂಥದ್ದು ಎಂಬಂತೆ.

ಮೇಸ್ತ್ರಿ ಬಂದು ಬಯ್ಯಲಿಲ್ಲ. ಹೆಬ್ಬೆರಳಿನ ಉಗುರನ್ನು ಗೀರಿಗೆ ಅಡ್ಡ ಎಳೆದರು. ಉಗುರು ಸಿಕ್ಕಿಕೊಂಡು ನಿಂತಿತು. "ಇದು ಹೊರಗೆ ಹೇಗೆ ಬರುತ್ತೆ ಅಂತ ಮಾತ್ರ ನೋಡಿದೀಯ. ಒಳಗೆ ಹೇಗೆ ಹೋಯ್ತು ಅಂತ ಯಾಕಪ್ಪ ನೋಡಲಿಲ್ಲ?" ಎಂದರು. ನಾನು ಜಾಣತನ ತೋರಿಸಲು, ಮೇಲಿನ ಯೋಕನ್ನು ಎತ್ತಿ ಬಲಗಡೆಯದನ್ನು ಮೇಲಿನಿಂದಲೇ ತೆಗೆಯಬಹುದಲ್ಲವೇ ಎಂದೆ. "ತೆಗಿ. ಕೋನ್ ಸೆಟ್ಟಿನ ಬಿಡಿ ಗುಂಡುಗಳನ್ನ ನೆಲದಲ್ಲಿ ಹುಡುಕೋದೂ ನೀನೇ" ಎಂದು ಹೇಳಿ ಹಲಗೆ ತರಲು ಹೋದರು. ಹ್ಯಾಂಡಲ್ ತಿರುಗುವ ಬೇರಿಂಗೇ ಕೋನ್ ಸೆಟ್, ಮೇಲಿನ ಯೋಕ್ ಎತ್ತಿದರೆ ಅದೂ ಸಡಿಲವಾಗುತ್ತದೆ.

ಬಲಗಡೆಯ ಕೆಲಸವನ್ನು ಅವರು ಮಾಡಿದ ರೀತಿಯಲ್ಲಿ ಕಷ್ಟವಾದದ್ದು ಏನೂ ಇರಲಿಲ್ಲ. ಇಂಜಿನ್ ಅಡಿಗೆ ಆಧಾರ ಕೊಟ್ಟು ಮುಂದಿನ ಚಕ್ರ, ಮಡ್‌ಗಾರ್ಡ್ ಇಳಿಸಿ, ಫೋರ್ಕಿನ ಎಣ್ಣೆ ಬಸಿದು, ಕೆಳಗಿನ ಯೋಕ್‌ನ ಪೈಪನ್ನು ಬಿಗಿದು ಹಿಡಿಯುವ ಪಿಂಚ್ ಬೋಲ್ಟನ್ನು ಸಡಿಲಿಸಿದರು. ನನ್ನ ಮೆಟ್ರಿಕ್ ಸ್ಪ್ಯಾನರನ್ನು ಮುಟ್ಟಲಿಲ್ಲ. ಹಳೆಯ ಬ್ರಿಟಿಷ್ ಅಳತೆಯ ವಿಟ್‌ವರ್ತ್ ಸೆಟ್ಟಿನಿಂದ ಒಂದನ್ನು ಆರಿಸಿದರು. ಆ ಸ್ಪ್ಯಾನರುಗಳ ಮೇಲಿನ ಅಂಕಿ ಬೋಲ್ಟಿನ ದಪ್ಪವನ್ನು ಹೇಳುತ್ತದೆಯೇ ಹೊರತು ಬಾಯಿಯ ಅಗಲವನ್ನಲ್ಲ ಎಂಬುದು ತಿಳಿಯದೆ ನಾನು ಹಿಂದೆ ಎಷ್ಟು ನಟ್ಟುಗಳ ಮೂಲೆ ಸವೆಸಿದ್ದೇನೋ. ಈ ಗಾಡಿಗಳಲ್ಲಿ ಪೈಪಿನ ತುದಿ ಟೇಪರ್ ಆಗಿ ಮೇಲಿನ ಯೋಕ್‌ನಲ್ಲಿ ಬಿರಡೆಯಂತೆ ಕೂತಿರುತ್ತದೆ. ಪಿಂಚ್ ಬೋಲ್ಟು ಬಿಚ್ಚಿದ ಮಾತ್ರಕ್ಕೆ ಜಾರುವುದಿಲ್ಲ. ಮೇಲಿನ ನಟ್ಟನ್ನು ಪೂರ್ತಿ ತೆಗೆಯದೆ ಮೂರು ನಾಲ್ಕು ಸುತ್ತು ಮಾತ್ರ ಬಿಚ್ಚಿ, ಅದರ ಮೇಲೆ ಮರದ ತುಂಡಿಟ್ಟು ಕೊಡತಿಯಿಂದ ಒಂದೇ ಏಟು ಕೊಟ್ಟರು. ಟಕ್ ಎಂದಿತು. ನಟ್ಟು ಇನ್ನೂ ಹಿಡಿದಿದ್ದರಿಂದ ಫೋರ್ಕಿನ ಕಾಲು ಕೆಳಗೆ ಬೀಳಲಿಲ್ಲ. ನಂತರ ನನ್ನ ಕೈಗೆ ಫೋರ್ಕ್ ಹಿಡಿಸಿ ನಟ್ಟು ತೆಗೆದು, ಮೆಲ್ಲಗೆ ತಿರುಗಿಸುತ್ತ ಇಳಿಸಿದಾಗ ಬ್ರಾಕೆಟ್ ತಾನಾಗಿ ಈಚೆ ಬಂತು, ಒಂದು ಗೀರೂ ಇಲ್ಲದೆ.

ಎಡಗಡೆಯದನ್ನೂ ಹಾಗೆಯೇ ಎಳೆಯಲು ಹೋದಾಗ ಅವರು ನನ್ನ ಮಣಿಕಟ್ಟು ಹಿಡಿದರು. ಗೀರಿನ ಅಂಚಿನಲ್ಲಿ ಲೋಹ ಎದ್ದಿತ್ತು. ಎಳೆದಿದ್ದರೆ ಅದು ಕೆಳಗಿನ ಯೋಕ್‌ನ ಒಳಮೈಯನ್ನು ಉದ್ದಕ್ಕೂ ಕೆರೆದು, ಒಂದು ಹಾಳಾದದ್ದು ಎರಡಾಗುತ್ತಿತ್ತು. ಸಣ್ಣ ಅರದಿಂದ, ಆಮೇಲೆ ಎಣ್ಣೆಕಲ್ಲಿನಿಂದ ಉಜ್ಜಿ ಸಮ ಮಾಡಲು ನನಗೆ ಅರ್ಧ ಗಂಟೆ ಹಿಡಿಯಿತು. ಆಯಿಲ್ ಸೀಲ್ ಅಷ್ಟು ಮೇಲಕ್ಕೆ ಬರುವುದೇ ಇಲ್ಲ, ಆದ್ದರಿಂದ ಉಜ್ಜಿದ ಪೈಪನ್ನೇ ಮತ್ತೆ ಹಾಕಬಹುದು ಎಂದು ವಾದಿಸಿದೆ. ಎಣ್ಣೆ ಸೋರುವ ವಿಷಯದಲ್ಲಿ ನನ್ನ ಮಾತು ಸರಿಯಾಗಿತ್ತು. ಆದರೆ ಬ್ರೇಕ್ ಹಾಕಿದಾಗ, ಗುಂಡಿಗೆ ಬಿದ್ದಾಗ ಫೋರ್ಕನ್ನು ಬಗ್ಗಿಸುವ ಬಲ ಹೆಚ್ಚಾಗಿ ಬೀಳುವುದು ಕೆಳಗಿನ ಯೋಕ್‌ನ ಆಸುಪಾಸಿನಲ್ಲೇ. ಬಿರುಕು ಹುಟ್ಟಲು ಅಂಥ ಕಡೆ ಒಂದು ಗೀರು ಸಾಕು. ಪೈಪು ಗುಜರಿಗೆ ಹೋಯಿತು. ಬಟ್ಟೆ ಮುಚ್ಚದೆ ಗ್ರೈಂಡರ್ ಓಡಿಸಿದ್ದರಿಂದ ಕೋನ್ ಸೆಟ್ಟಿಗೆ ಪುಡಿ ಸೇರಿ, ಕೊನೆಗೆ ಅದನ್ನೂ ಬಿಚ್ಚಿ ತೊಳೆದು ಹೊಸ ಗ್ರೀಸ್ ತುಂಬಬೇಕಾಯಿತು. ಬಿಡಿ ಗುಂಡುಗಳನ್ನು ಎಣಿಸಿ ಡಬ್ಬಿಗೆ ಹಾಕಿದ್ದು ನಾನೇ.

ಗಾಡಿಯ ಮಾಲೀಕರಿಗೆ ಫೋನ್ ಮಾಡುವ ಕೆಲಸವನ್ನು ಕಚೇರಿಯವರು ನನಗೇ ಬಿಟ್ಟರು. ಆ ಮಟ್ಟಿಗೆ ನ್ಯಾಯವೇ. ಮಾಲೀಕರು ನನ್ನ ಮಾತನ್ನು ಪೂರ್ತಿ ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಬ್ರಾಕೆಟ್ ಆದರೂ ಬಂತಾ?" ಎಂದರು. ಹೊಸ ಪೈಪು ಬಂದ ಮೇಲೆ ಜೋಡಿಸುವಾಗ ಪಿಂಚ್ ಬೋಲ್ಟನ್ನು ಸಡಿಲವಾಗಿಯೇ ಬಿಟ್ಟು, ಮೊದಲು ಮೇಲಿನ ನಟ್ಟಿನಿಂದ ಟೇಪರನ್ನು ಪೂರ್ತಿ ಎಳೆದು ಕೂರಿಸಿ, ಆಮೇಲೆ ಕೆಳಗಿನದನ್ನು ಬಿಗಿ ಮಾಡಿದೆ. ಮೇಸ್ತ್ರಿ ಪಕ್ಕದಲ್ಲೇ ನಿಂತಿದ್ದರು, ಬೇರೆ ಏನನ್ನೋ ನೋಡುತ್ತಿರುವವರ ಹಾಗೆ.

ಕಚೇರಿಯ ಪಟ್ಟಿಯಲ್ಲಿ ಈ ಕೆಲಸಕ್ಕೆ ಈಗಲೂ 1 ಗಂಟೆಯೇ ಇದೆ. ಹಳೆಯ ಟ್ವಿನ್ ಬಂದಾಗಲೆಲ್ಲ ಕಾರ್ಡಿನ ಅಂಚಿನಲ್ಲಿ ‘ಫೋರ್ಕ್ ಇಳಿಸಬೇಕು’ ಎಂದು ಪೆನ್ಸಿಲಿನಲ್ಲಿ ಬರೆದು ವಾಪಸು ಕಳಿಸುತ್ತೇನೆ. ಅವರು ಅದನ್ನು ಅಳಿಸಿ ಮತ್ತೆ ಕಳಿಸುತ್ತಾರೆ.